ಪರ್ದಾದ ಹಿಂದಿನ ಅಣ್ಣ

ಸಂತಪುರದ ಮಡೆಪ್ಪ ಮಾಸ್ತರರು ಸುಳ್ಳು ಹೇಳುವ ಮನುಷ್ಯರಲ್ಲ. ಖರೇ ಮಾತನ್ನು ಅರ್ಧಕ್ಕೆ ನಿಲ್ಲಿಸುವ ಮನುಷ್ಯರು. ಉಳಿದರ್ಧವನ್ನು ಕೇಳಿದವರು ತಮಗೆ ಬೇಕಾದ ಹಾಗೆ ತುಂಬಿಕೊಂಡರೆ ಅದಕ್ಕೆ ಮಾಸ್ತರರು ಹೊಣೆಯೇ? ಈ ಪ್ರಶ್ನೆಯನ್ನು ಅವರು ಆ ವರ್ಷ ತಮಗೆ ತಾವೇ ಬಹಳ ಸಲ ಕೇಳಿಕೊಂಡರು. ಪ್ರತಿ ಸಲವೂ ಹೊಣೆಯಲ್ಲ ಎಂಬ ಉತ್ತರವೇ ಬಂತು.

ಅದು ಪೊಲೀಸ್ ಕಾರ್ಯಾಚರಣೆಯ ಮರುವರ್ಷ. ನಿಜಾಮರ ಆಡಳಿತ ಹೋಗಿ ಹೊಸ ಸರ್ಕಾರ ಬಂದಿತ್ತು. ಅಲ್ಲಿಯತನಕ ಔರಾದ ತಾಲೂಕಿನಲ್ಲಿ ಉರ್ದು ಕಲಿಸುತ್ತ ನೆಮ್ಮದಿಯಾಗಿದ್ದ ಮಾಸ್ತರರಿಗೆಲ್ಲ ಒಂದು ಹುಕುಂ ಬಂತು. ಇನ್ನು ಮೇಲೆ ಸಾಲೆ ಕನ್ನಡದಲ್ಲಿ ನಡೆಯುತ್ತದೆ, ವರ್ಷದೊಳಗೆ ಕನ್ನಡ ಟ್ರೇನಿಂಗ್ ಪಾಸಾಗದವರು ನೌಕರಿ ಬಿಟ್ಟು ಮನೆಗೆ ಹೋಗಬೇಕು. ಮಡೆಪ್ಪ ಮಾಸ್ತರರು ಮನೆಯಲ್ಲಿ, ಸಂತೆಯಲ್ಲಿ, ಎಮ್ಮೆಯ ಜೊತೆಯಲ್ಲಿ ಕನ್ನಡವನ್ನೇ ಆಡುವವರು. ಆದರೆ ಬರೆಯಲು ಕೂತರೆ ಕೈ ತಾನಾಗಿಯೇ ಬಲದಿಂದ ಎಡಕ್ಕೆ ಓಡುತ್ತಿತ್ತು.

ಬೀದರದ ಗಂಡಸರ ಟ್ರೇನಿಂಗ್ ಸಾಲೆಯಲ್ಲಿ ಕನ್ನಡ ಹೇಳಿಕೊಡುವವರು ಯಾರೂ ಇರಲಿಲ್ಲ. ಕನ್ನಡ ಇದ್ದದ್ದು ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜಿನಲ್ಲಿ. ಆದ್ದರಿಂದ ಸರ್ಕಾರ ಬಹಳ ವಿಚಾರ ಮಾಡಿ, ಈ ವರ್ಷದಿಂದ ಆ ಕಾಲೇಜಿಗೆ ಗಂಡಸರೂ ಸೇರಬಹುದು ಎಂದು ಸಾರಿತು. ಔರಾದದಲ್ಲಿ ಮಾಸ್ತರರನ್ನೆಲ್ಲ ಕೂಡಿಸಿ, ಮೊದಲು ಯಾರು ಹೋಗುತ್ತೀರಿ ಎಂದು ಸಾಹೇಬರು ಕೇಳಿದಾಗ ಎಲ್ಲರೂ ತಲೆ ತಗ್ಗಿಸಿದರು. ಮಡೆಪ್ಪ ಮಾಸ್ತರರಿಗೆ ಅಂದು ಕುತ್ತಿಗೆಯ ಮೇಲೆ ಕುರು ಎದ್ದಿತ್ತು, ತಲೆ ತಗ್ಗಲಿಲ್ಲ. ಸಾಹೇಬರು ಅವರ ಧೈರ್ಯವನ್ನು ಎಲ್ಲರೆದುರು ಹೊಗಳಿದರು.

ಮನೆಗೆ ಬಂದು ಹೆಂಡತಿ ಅನುಸೂಯಾಬಾಯಿಗೆ ಸುದ್ದಿ ಹೇಳಿದರು.

"ನನಗ ಬೀದರ ಕಾಲೇಜಿಗಿ ಕಳಸ್ಯಾರ."

"ಯಾವ ಕಾಲೇಜಿಗಿ ರಿ?"

"ಟ್ರೇನಿಂಗ್ ಕಾಲೇಜಿಗಿ."

"ಅಲ್ಲಿ ಏನ್ ಮಾಡೋದದ ರಿ?"

ಅಷ್ಟರಲ್ಲಿ ಮಾಸ್ತರರಿಗೆ ಎಮ್ಮೆಗೆ ನೀರು ಕುಡಿಸಿಲ್ಲವೆಂದು ನೆನಪಾಯಿತು. ಹೆಂಡತಿಯನ್ನು ಭಾಲ್ಕಿಯ ತವರಿಗೆ ಕಳಿಸಿ, ತಾವು ಬೀದರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದರು.

ಕಾಲೇಜಿನ ಬಾಗಿಲಲ್ಲಿ ಮರಿಯಮಬೀ ಎಂಬ ಮುದುಕಿ ಬಹಳ ವರ್ಷಗಳಿಂದ ಕಾವಲಿದ್ದರು. ಹಿಂದಿನ ವರ್ಷದ ಗದ್ದಲದಲ್ಲಿ ಪ್ರಿನ್ಸಿಪಾಲರಾದ ಎಲಿಜಬೆತಬಾಯಿಯೇ ಈ ಮುದುಕಿಯನ್ನು ಕಾಲೇಜಿನೊಳಗೆ ಇಟ್ಟುಕೊಂಡು ಕಾಪಾಡಿದ್ದರು. ಅಂದಿನಿಂದ ಮರಿಯಮಬೀಗೆ ಆ ಬಾಗಿಲೆಂದರೆ ಜೀವ. ಗಂಡಸಿನ ನೆರಳು ಕಂಡರೆ ಸಾಕು, "ಪರ್ದಾ" ಎಂದು ಒಂದು ಕೂಗು ಹಾಕುತ್ತಿದ್ದರು. ಒಳಗಿನ ಹೆಣ್ಣುಮಕ್ಕಳು ಸೆರಗು ಎಳೆದುಕೊಳ್ಳುವವರು ಸೆರಗು, ಬುರ್ಖಾ ಹಾಕುವವರು ಬುರ್ಖಾ, ಓಡಿಹೋಗುವವರು ಓಟ.

"ನಾ ಕಲೀಲಾಕ ಬಂದೀನ್ರಿ," ಎಂದರು ಮಾಸ್ತರರು.

"ಮೀಸಿ ಇಟ್ಕೊಂಡು?" ಎಂದರು ಮರಿಯಮಬೀ.

ಎಲಿಜಬೆತಬಾಯಿ ಹೊರಗೆ ಬಂದರು. ಬಿಳಿ ಸೀರೆ, ದಪ್ಪ ಕನ್ನಡಕ, ಮೆಥೋಡಿಸ್ಟ್ ಚರ್ಚಿನ ಗಂಟೆಯಷ್ಟು ನಿಷ್ಠುರವಾದ ದನಿ. ಹುಕುಮಿನಲ್ಲಿ ಇದ್ದದ್ದನ್ನು ಬಿಡುವವರಲ್ಲ, ಇಲ್ಲದ್ದನ್ನು ಮಾಡುವವರಲ್ಲ.

"ಗಂಡಸರಿಗಿ ಸೇರಿಸಿಕೊಳ್ರಿ ಅಂತ ಹುಕುಂ ಅದ. ಸೇರಿಸಿಕೊಳ್ತೇವಿ," ಎಂದರು. "ಪರ್ದಾ ತೆಗೀರಿ ಅಂತ ಹುಕುಂ ಇಲ್ಲ. ತೆಗ್ಯಂಗಿಲ್ಲ."

ತರಗತಿಯ ಒಂದು ತುದಿಗೆ ದಪ್ಪನೆಯ ಕೆಂಪು ಪರ್ದಾ ಇಳಿಬಿಟ್ಟಿತ್ತು. ನಿಜಾಮರ ಕಾಲದಲ್ಲಿ ಲೆಕ್ಕ ಹೇಳಿಕೊಡುವ ಒಬ್ಬ ಮುದಿ ಉಸ್ತಾದರು ಅದರಾಚೆ ಕೈಯಿದ್ದ ಕುರ್ಚಿಯ ಮೇಲೆ ಕೂತು ಪಾಠ ಮಾಡುತ್ತಿದ್ದರು. ಅವರು ವಿದ್ಯಾರ್ಥಿನಿಯರನ್ನು ನೋಡಿದವರಲ್ಲ, ವಿದ್ಯಾರ್ಥಿನಿಯರು ಅವರನ್ನು ನೋಡಿದವರಲ್ಲ. ಉಸ್ತಾದರು ಹೈದರಾಬಾದಿಗೆ ಹೋಗಿ ಕುರ್ಚಿ ಉಳಿದಿತ್ತು. ಅದೇ ಕುರ್ಚಿಯ ಮೇಲೆ ಮಡೆಪ್ಪ ಮಾಸ್ತರರು ತೊಡೆಯ ಮೇಲೆ ಪಾಟಿ ಇಟ್ಟುಕೊಂಡು ಕೂತರು. ಪರ್ದಾ ಮಾತ್ರ ಒಗೆದು ಒಗೆದು ಕುಗ್ಗಿ, ನೆಲದಿಂದ ಗೇಣುದ್ದ ಮೇಲೆ ನಿಂತಿತ್ತು. ಪಾಟಿ, ಪುಸ್ತಕ, ಬಳಪ ಎಲ್ಲ ಆ ಸಂದಿಯಲ್ಲೇ ಓಡಾಡಬೇಕು.

ಅಲ್ಲಿ ಗಂಡಸಿನ ಹೆಸರು ಎತ್ತುವ ರೂಢಿಯೂ ಇರಲಿಲ್ಲ. ಆದ್ದರಿಂದ ಅವರನ್ನು ಎಲ್ಲರೂ ಪರ್ದಾದವರು ಎಂದೇ ಕರೆದರು. ಇಡೀ ಬೀದರದಲ್ಲಿ ಗೋಷಾ ಹಿಡಿದ ಏಕೈಕ ಗಂಡಸು ನಮ್ಮ ಮಾಸ್ತರರು.

ಇಷ್ಟಕ್ಕೇ ಮುಗಿದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಮಾವನವರಾದ ಭಾಲ್ಕಿಯ ಶಿವರಾಜಪ್ಪನವರಿಗೆ ಅಳಿಯನನ್ನು ನೋಡುವ ಮನಸ್ಸಾಯಿತು.

ಶಿವರಾಜಪ್ಪನವರದು ಸೀರೆ ವ್ಯಾಪಾರ. ಮೊದಲೆಲ್ಲ ದೊಡ್ಡ ದೊಡ್ಡ ವಾಡೆಗಳಿಗೆ ಗಂಟು ಹೊತ್ತು ಹೋಗಿ, ಪರ್ದಾದ ಹೊರಗೆ ನೆಲದ ಮೇಲೆ ಕೂತು, ಸಂದಿಯಿಂದ ಸೀರೆ ಒಳಗೆ ದೂಡಿ ಮಾರಿದವರು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಒಳಗಿನ ಹೆಣ್ಣುಮಕ್ಕಳಿಗೆ ಓದಿಸುವ ಉಸ್ತಾದರನ್ನು ಕಣ್ಣಾರೆ ಕಂಡವರು. ಪರ್ದಾದ ಹೊರಗೆ ನೆಲದ ಮೇಲೆ ಕೂತವನು ವ್ಯಾಪಾರಿ, ಕುರ್ಚಿಯ ಮೇಲೆ ಕೂತವನು ಗುರು. ಇವರಿಬ್ಬರನ್ನು ಬಿಟ್ಟು ಮೂರನೆಯ ತರಹದ ಗಂಡಸನ್ನು ಅವರು ತಮ್ಮ ಜನ್ಮದಲ್ಲೇ ಕಂಡಿರಲಿಲ್ಲ.

ಬೀದರಕ್ಕೆ ಬಂದವರು ಕಾಲೇಜಿನ ಪಡಸಾಲೆಯ ಕಿಟಕಿಯಿಂದ ಇಣುಕಿದರು. ಕೈಯಿದ್ದ ಕುರ್ಚಿ. ಕುರ್ಚಿಯ ಮೇಲೆ ಅಳಿಯ. ಪರ್ದಾದಾಚೆ ಒಕ್ಕೊರಲಿನಿಂದ ಪಾಠ ಒಪ್ಪಿಸುತ್ತಿರುವ ಹೆಣ್ಣುಮಕ್ಕಳು. ಮಾವನವರ ಕಣ್ಣಲ್ಲಿ ನೀರು ಬಂತು.

"ಮಾಸ್ತರ್ರ, ಇಷ್ಟ ದೊಡ್ಡ ಜಾಗಾ ಸಿಕ್ಕದಂತ ಹೇಳಲೇ ಇಲ್ಲಲ್ರಿ," ಎಂದರು, ಮಾಸ್ತರರು ಹೊರಗೆ ಬಂದ ಮೇಲೆ.

ಮಾಸ್ತರರು ಬಾಯಿ ತೆರೆದರು. ಮಾವನವರು ಆನಂದದಿಂದ ತುಪ್ಪದ ಗಡಿಗೆ ಮುಂದೆ ಹಿಡಿದಿದ್ದರು.

"ಹೇಳಾದೇನದ ರಿ ಮಾವಾರ," ಎಂದರು, ಮತ್ತು ಎಂದಿನಂತೆ ಅಲ್ಲಿಗೇ ನಿಲ್ಲಿಸಿದರು.

ಉಳಿದದ್ದನ್ನು ಭಾಲ್ಕಿ ತುಂಬಿಕೊಂಡಿತು. ಶಿವರಾಜಪ್ಪನವರು ಬಸ್ಸಿನಲ್ಲಿ ಹೇಳಿದ್ದು ಅಳಿಯ ಕಾಲೇಜಿನ ಉಸ್ತಾದ ಎಂದು. ಬಸ್ಸು ಇಳಿಯುವಾಗ ಅದು ದೊಡ್ಡ ಉಸ್ತಾದ ಆಗಿತ್ತು. ಸಂಜೆಗೆ ಪ್ರೊಫೆಸರ. ಮುಂದಿನ ಸಂತೆಯ ಹೊತ್ತಿಗೆ, ಹೊಸ ಸರ್ಕಾರ ಹೆಣ್ಣುಮಕ್ಕಳ ಉದ್ಧಾರಕ್ಕಾಗಿ ಇಡೀ ಔರಾದ ತಾಲೂಕಿನಲ್ಲಿ ಹುಡುಕಿ ಹುಡುಕಿ ಆರಿಸಿದ ಒಬ್ಬನೇ ಶೀಲವಂತ ಗಂಡಸು ಎಂಬಲ್ಲಿಗೆ ಬಂದು ನಿಂತಿತು.

ದೀಪಾವಳಿಗೆ ಭಾಲ್ಕಿಗೆ ಹೋದ ಮಾಸ್ತರರಿಗೆ ಬಸ್ಸಿನ ಹತ್ತಿರವೇ ಮಾಲೆ ಬಿತ್ತು. ಮಾವನವರ ಗೆಳೆಯ, ಕಿರಾಣಿ ಅಂಗಡಿಯ ಮಲ್ಲಿಕಾರ್ಜುನಪ್ಪನವರು ಒಂದು ಹೊಸ ತಗಡಿನ ಹಲಗೆ ಮತ್ತು ಬಣ್ಣದ ಡಬ್ಬಿ ತಂದಿಟ್ಟರು.

"ಪ್ರೊಫೆಸರ ಸಾಹೇಬ್ರ, ಅಂಗಡಿ ಬೋರ್ಡ ಈಗ ಕನ್ನಡದಾಗ ಹಾಕಬೇಕ್ರಿ. ನಿಮ್ಮ ಕೈಲೆ ನಾಕ ಅಕ್ಷರ ಬೀಳಲಿ."

ಮಾಸ್ತರರು ಕುಂಚವನ್ನು ನೋಡಿದರು. ಕುಂಚ ಅವರನ್ನು ನೋಡಿತು. ನೆರೆದವರು ಉಸಿರು ಹಿಡಿದರು.

"ನಾ ಬರೀಬೇಕಂದ್ರ ಸರ್ಕಾರದ ಪರವಾನಗಿ ಬೇಕಾಗ್ತದ ರಿ," ಎಂದರು ಮಾಸ್ತರರು ಗಂಭೀರವಾಗಿ.

ಬರೆದಿದ್ದರೂ ಅವರಿಗೆ ಅಷ್ಟು ಮರ್ಯಾದೆ ಸಿಗುತ್ತಿರಲಿಲ್ಲ. ಪರವಾನಗಿ ಇಲ್ಲದೆ ಒಂದಕ್ಷರವನ್ನೂ ಬರೆಯದ ಮನುಷ್ಯ ಎಂದು ಊರೆಲ್ಲ ಕೊಂಡಾಡಿತು. ಅದೇ ಗುಂಗಿನಲ್ಲಿ ಶಿವರಾಜಪ್ಪನವರು ಊಟಕ್ಕೆ ಕೂತಾಗ ತಮ್ಮ ನಿರ್ಧಾರ ತಿಳಿಸಿದರು.

"ನಮ್ಮ ಅನುಸೂಯಾ ಸಣ್ಣಾಕಿ ಇದ್ದಾಗ ಮಠದಾಗ ಚಲೋ ಕನ್ನಡ ಕಲ್ತಾಳ. ಆಕಿಗೂ ನಿಮ್ಮ ಕಾಲೇಜಿಗಿ ಹಚ್ಚತೇನಿ. ಗಂಡನೇ ಗುರು ಇದ್ದ ಮ್ಯಾಲ ಹೆದರಿಕಿ ಯಾತರದು?"

ಮಾಸ್ತರರು ಕೈಯಲ್ಲಿದ್ದ ಹೋಳಿಗೆಯನ್ನು ತಾಟಿಗೆ ಇಟ್ಟರು. ಈಗಲಾದರೂ ಅವರು ಉಳಿದರ್ಧ ಹೇಳಬಹುದಿತ್ತು. ಆದರೆ ಕೊರಳಲ್ಲಿ ಇನ್ನೂ ಮಾಲೆ ಇತ್ತು.

ಹೀಗೆ ಅನುಸೂಯಾಬಾಯಿ ಬೀದರಕ್ಕೆ ಬಂದರು, ಕಾಲೇಜು ಸೇರಿದರು, ಪರ್ದಾದ ಆಚೆ ಮೊದಲ ಸಾಲಿನಲ್ಲೇ ಕೂತರು. ಉಸ್ತಾದರು ಮೊದಲು ಹೋಗಬೇಕೆಂದು ಹೇಳಿ ಮಾಸ್ತರರು ಹೆಂಡತಿಗಿಂತ ಮುಂಚೆಯೇ ಮನೆ ಬಿಡುತ್ತಿದ್ದರು. ನೀವು ಎಲ್ಲಿ ಕೂಡುತ್ತೀರಿ ಎಂದು ಅವರು ಕೇಳಿದರೆ, "ನಾ ಹಿಂದಿನ ಕಡಿ ಇರ್ತೇನಿ" ಎನ್ನುತ್ತಿದ್ದರು. ಇದೂ ಖರೇ ಮಾತೇ.

ಮೊದಲ ದಿನವೇ ಎಲಿಜಬೆತಬಾಯಿ, "ಪರ್ದಾದವರೇ, ಓದ್ರಿ," ಎಂದರು.

ಮಾಸ್ತರರು ಮೂಗು ಹಿಡಿದುಕೊಂಡು, ಹೆಂಡತಿ ಎಂದೂ ಕೇಳಿರದ ಸಣ್ಣ ದನಿ ತೆಗೆದರು. ತರಗತಿ ಕಿಸಕ್ಕೆಂದು ನಕ್ಕಿತು.

"ಏನಾಯ್ತ್ರಿ ನಿಮ್ಮ ಗಂಟಲಕ?"

"ನೆಗಡಿ ಆಗ್ಯಾದ್ರಿ."

ಆ ನೆಗಡಿ ಪರೀಕ್ಷೆಯತನಕ ಹೋಗಲಿಲ್ಲ.

ಅವರ ಪಾಟಿಯನ್ನು ನೋಡಿ ಎಲಿಜಬೆತಬಾಯಿ ನಿಟ್ಟುಸಿರು ಬಿಟ್ಟರು. ಹಿಂದುಳಿದವರನ್ನು ಮುಂದಿದ್ದವರ ಕೈಗೆ ಒಪ್ಪಿಸುವುದು ಆ ಕಾಲೇಜಿನ ಪದ್ಧತಿ. ಎಲ್ಲರಿಗಿಂತ ಮುಂದಿದ್ದವರು ಅನುಸೂಯಾಬಾಯಿ. ಎಲ್ಲರಿಗಿಂತ ಹಿಂದೆ, ಪರ್ದಾದಷ್ಟು ಹಿಂದೆ ಇದ್ದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

"ಅನುಸೂಯಾಬಾಯಿ, ಇವತ್ತಿನಿಂದ ಪರ್ದಾದವರು ನಿಮ್ಮ ಪಾಲು. ಇವರಿಗಿ ಪಾಸ ಮಾಡಸೋದು ನಿಮ್ಮ ಕೆಲಸ."

"ಆಯ್ತ್ರಿ," ಎಂದರು ಅನುಸೂಯಾಬಾಯಿ. ಪರ್ದಾದ ಸಂದಿಯಲ್ಲಿ ಬಳೆ ತೊಟ್ಟ ಕೈ ಚಾಚಿತು. "ಅಣ್ಣಾರ, ಪಾಟಿ ಕೊಡ್ರಿ."

ಕಟ್ಟಿಕೊಂಡ ಹೆಂಡತಿಯ ಬಾಯಿಂದ ಅಣ್ಣಾ ಎನ್ನಿಸಿಕೊಂಡ ಗಂಡಸು ಆ ಸೀಮೆಯಲ್ಲಿ ಮತ್ತೊಬ್ಬನಿರಲಿಕ್ಕಿಲ್ಲ. ಮಾಸ್ತರರು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ, ಬೇರೆ ದಾರಿ ಇಲ್ಲದ್ದರಿಂದ, ಪಾಟಿ ಕೊಟ್ಟರು.

"ಅಣ್ಣಾರ, ಇವು ಅಕ್ಷರಾನೋ ಬಿಸಲಿಗಿ ಹಾಕಿದ ಶಾವಿಗೀನೋ?"

"ತಪ್ಪಾಯ್ತ್ರಿ," ಎಂದಿತು ಸಣ್ಣ ದನಿ.

"ಮತ್ತ ಬಲಗಡಿಂದ ಶುರು ಮಾಡೀರಿ. ಎಷ್ಟ ಸಲ ಹೇಳಬೇಕ್ರಿ ಅಣ್ಣಾರ? ಉಣ್ಣೂ ಮುಂದ ತುತ್ತ ಕಿವ್ಯಾಗ ಇಡ್ತೀರೇನು?"

"ಇಲ್ರಿ."

"ಮನ್ಯಾಗ ಹೇಳಿಕೊಡಾವ್ರ ಯಾರೂ ಇಲ್ಲೇನ್ರಿ ನಿಮಗ?"

"ಅದಾರ್ರಿ."

"ಮತ್ತ ಕೇಳಲಾಕ ಏನ್ ಧಾಡಿ?"

ಸಂತಪುರದಲ್ಲಿ ಅನುಸೂಯಾಬಾಯಿ ಗಂಡನೆದುರು ತಲೆಯೆತ್ತಿ ಮಾತಾಡಿದವರಲ್ಲ. ಊಟಕ್ಕೆ ಕರೆಯಬೇಕಾದರೂ ಬಾಗಿಲ ಹಿಂದೆ ನಿಂತು ಬಳೆ ಸಪ್ಪಳ ಮಾಡುವವರು. ಅಂಥವರ ನಾಲಿಗೆ ಪರ್ದಾದ ಮುಂದೆ ಹೀಗೆ ಹರಿಯುವುದನ್ನು ಕೇಳಿ ಮಾಸ್ತರರಿಗೆ ಸಿಟ್ಟಿಗಿಂತ ಬೆರಗೇ ಹೆಚ್ಚಾಯಿತು. ಹೆದರಿಕೆಯಿಂದ ಬರೆದರು, ಅಳಿಸಿದರು, ಮತ್ತೆ ಬರೆದರು.

ಸಂಜೆ ಮನೆಯಲ್ಲಿ ಬೇರೆಯದೇ ಸಂಕಟ.

"ನಮ್ಮ ಪರ್ದಾದ ಅಣ್ಣ ಇವತ್ತ ಏನ್ ಮಾಡ್ಯಾನ ಕೇಳ್ರಿ," ಎಂದು ಅನುಸೂಯಾಬಾಯಿ ರೊಟ್ಟಿ ಬಡಿಯುತ್ತ ಶುರು ಮಾಡುತ್ತಿದ್ದರು. "ಇಂಥಾವ್ರಿಗಿ ಸಾಲಿ ಮಾಸ್ತರಕಿ ಯಾರ ಕೊಟ್ರೋ. ಆ ಅಣ್ಣನ ಹೆಂಡ್ತಿ ಹ್ಯಾಂಗ ಬಾಳ್ವಿ ಮಾಡ್ತಾಳೋ ಏನೋ."

"ಪಾಪ, ಆ ಮನಷ್ಯಾಗ ಏನ್ ತ್ರಾಸ ಅದನೋ," ಎನ್ನುತ್ತಿದ್ದರು ಮಾಸ್ತರರು.

"ನೀವ್ಯಾಕ ಅಂವನ ಕಡಿ ಮಾತಾಡ್ತೀರಿ? ನೀವರೆ ಉಸ್ತಾದರಿದ್ದೀರಿ, ಒಂದೀಟ ಕರದು ಬುದ್ಧಿ ಹೇಳ್ರಿ ಅಂವಗ."

"ಹೇಳ್ತೇನಿ," ಎಂದು ಮಾಸ್ತರರು ಒಪ್ಪಿಕೊಂಡರು. ನಿಜಕ್ಕೂ ಆ ಮನುಷ್ಯನಿಗೆ ಬಹಳ ಬುದ್ಧಿ ಹೇಳಿದರು.

ಒಂದು ದಿನ ಮಾಸ್ತರರು ಅವಸರದಲ್ಲಿ ಬುತ್ತಿ ಮರೆತು ಹೋದರು. ಮಧ್ಯಾಹ್ನ ಪರ್ದಾದ ಸಂದಿಯಿಂದ ಒಂದು ಗಂಟು ಒಳಗೆ ಸರಿಯಿತು.

"ಅಣ್ಣಾರ, ನಮ್ಮ ಮನ್ಯಾವ್ರು ಬುತ್ತಿ ಬಿಟ್ಟ ಹೋಗ್ಯಾರ. ಕೆಡ್ತದ, ನೀವರೆ ಉಣ್ರಿ."

ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮಾಸ್ತರರು ತಮ್ಮ ಬುತ್ತಿಯನ್ನು ಪರರ ಅನ್ನವೆಂದು ಉಂಡು, ಸಣ್ಣ ದನಿಯಲ್ಲಿ ಉಪಕಾರವಾಯಿತೆಂದರು. ಅದೇ ವಾರ ಎಲಿಜಬೆತಬಾಯಿ ಅವರ ಪಾಟಿ ನೋಡಿ ನಿಟ್ಟುಸಿರು ಬಿಡದೆ ಮುಂದೆ ಹೋದರು. ಮಾಸ್ತರರಿಗೆ ಕುಣಿಯಬೇಕೆನಿಸಿತು. ಕುರ್ಚಿ ಸಪ್ಪಳ ಮಾಡುತ್ತದೆಂದು ಸುಮ್ಮನಿದ್ದರು.

ಪರೀಕ್ಷೆಯ ದಿನ ಬಂತು. ಒಬ್ಬೊಬ್ಬರೂ ಎಲ್ಲರೆದುರು ನಿಂತು ಪಾಠ ಮಾಡಿ ತೋರಿಸಬೇಕು. ಪರೀಕ್ಷೆ ಮಾಡಲು ಹೈದರಾಬಾದಿನಿಂದ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಅಂದೇ ಭಾಲ್ಕಿಯಿಂದ ಶಿವರಾಜಪ್ಪನವರೂ ಮಲ್ಲಿಕಾರ್ಜುನಪ್ಪನವರೂ ಬಂದರು. ಪ್ರೊಫೆಸರ ಅಳಿಯ ಹೆಣ್ಣುಮಕ್ಕಳ ಪರೀಕ್ಷೆ ಮಾಡುವುದನ್ನು ನೋಡಿ, ಶಾಲು ಹೊದಿಸಿ ಹೋಗುವುದು ಅವರ ಹಂಚಿಕೆ. ಮರಿಯಮಬೀ ಅವರನ್ನು ಪಡಸಾಲೆಯಲ್ಲಿ ಕೂಡಿಸಿದರು.

ಸಾಹೇಬರು ತರಗತಿಗೆ ಕಾಲಿಟ್ಟವರೇ ಕೆಂಪು ಪರ್ದಾ ಕಂಡು ಹುಬ್ಬು ಗಂಟಿಕ್ಕಿದರು.

"ಇದೇನ್ ಬಾಯಿಯವರೇ? ತೆಗಸ್ರಿ ಇದನ್ನ."

"ಹುಕುಂ ಏನ್ರಿ?" ಎಂದರು ಎಲಿಜಬೆತಬಾಯಿ.

"ಹುಕುಂ."

"ಹಂಗಾದ್ರ ತೆಗೀತೇವಿ."

ಮರಿಯಮಬೀ ಕೊನೆಯ ಸಲ "ಪರ್ದಾ" ಎಂದು ಕೂಗಿ, ಬೇಕಾದವರಿಗೆ ಬುರ್ಖಾ ಹಾಕಿಕೊಳ್ಳಲು ಪುರಸೊತ್ತು ಕೊಟ್ಟು, ಹಗ್ಗ ಬಿಚ್ಚಿದರು. ಪರ್ದಾ ಧೊಪ್ಪನೆ ನೆಲಕ್ಕೆ ಬಿತ್ತು. ಹಿಂದೆ ಕೈಯಿದ್ದ ಕುರ್ಚಿಯ ಮೇಲೆ ಮಡೆಪ್ಪ ಮಾಸ್ತರರು ಕಣ್ಣು ಮುಚ್ಚಿಕೊಂಡು ಕೂತಿದ್ದರು.

ಸಾಹೇಬರೂ ಕುರ್ಚಿಯ ಮರ್ಯಾದೆ ಬಲ್ಲವರೇ. ಕೈ ಎತ್ತಿ ಸಲಾಮು ಮಾಡಿದರು.

"ಉಸ್ತಾದರೇ, ಇಲ್ಲಿ ಒಬ್ಬ ಗಂಡಸು ವಿದ್ಯಾರ್ಥಿ ಇದ್ದಾನಂತ. ಎಲ್ಲಿ ಅವನು?"

ಪಡಸಾಲೆಯಲ್ಲಿ ಶಿವರಾಜಪ್ಪನವರು ಗೆಳೆಯನ ಪಕ್ಕೆಗೆ ತಿವಿದು, ಕೇಳಿದಿರಾ ಎನ್ನುವ ಹಾಗೆ ನೋಡಿದರು. ಎಲಿಜಬೆತಬಾಯಿ ಬಳಪ ತರಲು ಒಳಗೆ ಹೋಗಿದ್ದರು.

ಮಾಸ್ತರರು ಕಣ್ಣು ತೆರೆದರು. ಒಂದು ಕಡೆ ಮಾವನವರ ಹಿಗ್ಗಿದ ಮುಖ, ಮಲ್ಲಿಕಾರ್ಜುನಪ್ಪನವರ ಕೈಯಲ್ಲಿ ಶಾಲು. ಇನ್ನೊಂದು ಕಡೆ ವರ್ಷವಿಡೀ ಬೆವರಿಳಿಸಿದ ಪರೀಕ್ಷೆ.

"ಅದಾನ್ರಿ," ಎಂದರು. ಅಭ್ಯಾಸಬಲದಿಂದ ಅಲ್ಲಿಗೇ ನಿಲ್ಲಿಸಿದರು.

"ಎಲ್ಲಿ? ಬರದಿದ್ದರೆ ಗೈರುಹಾಜರಿ. ಗೈರುಹಾಜರಿ ಆದವನ ನೌಕರಿ ಹೋಯಿತು ಅಂತ ತಿಳೀರಿ."

ಉಳಿದರ್ಧ ಮಾಸ್ತರರ ನಾಲಿಗೆಯ ತುದಿಗೆ ಬಂತು, ಹಿಂದಕ್ಕೆ ಹೋಯಿತು, ಮತ್ತೆ ಬಂತು. ಸಾಹೇಬರು ಮುಂದಿನವರನ್ನು ಕರೆಯಲು ಆ ಕಡೆ ತಿರುಗಿದರು.

ಆಗ ಮೊದಲ ಸಾಲಿನಿಂದ ಒಂದು ದನಿ ಬಂತು.

"ಅಣ್ಣಾರ, ಏಳ್ರಿ. ಪಾಟಿ ತಗೊಂಡ ಬರ್ರಿ."

ಮಾಸ್ತರರು ಎದ್ದರು. ವಿಚಾರ ಮಾಡಿ ಎದ್ದದ್ದಲ್ಲ. ಆ ದನಿ ಏಳು ಎಂದರೆ ಏಳುವುದು, ಬರಿ ಎಂದರೆ ಬರೆಯುವುದು ಅವರ ಮೈಗೆ ಹತ್ತಿಹೋಗಿತ್ತು. ಪಾಟಿ ಹಿಡಿದುಕೊಂಡು ಬಂದು ಕರೀ ಹಲಗೆಯ ಮುಂದೆ ನಿಂತ ಮೇಲೆಯೇ ತಾವೇನು ಮಾಡಿದೆವೆಂದು ಅವರಿಗೆ ತಿಳಿದದ್ದು.

"ನಾನೇ ರಿ ಆ ವಿದ್ಯಾರ್ಥಿ," ಎಂದರು ತಮ್ಮ ಸ್ವಂತ ದನಿಯಲ್ಲಿ. ಅವರ ನೆಗಡಿ ಆ ಕ್ಷಣಕ್ಕೆ ವಾಸಿಯಾಯಿತು.

ಸಾಹೇಬರು ಜೋಳದ ಬೆಳೆಯ ಬಗ್ಗೆ ಪಾಠ ಮಾಡಲು ಹೇಳಿದರು. ಮಾಸ್ತರರ ಕೈ ಹಲಗೆಯ ಬಲತುದಿಗೆ ಹೋಯಿತು. ಮೊದಲ ಸಾಲಿನಲ್ಲಿ ಯಾರೋ ಸಣ್ಣಗೆ ಕೆಮ್ಮಿದರು. ಕೈ ತಟ್ಟನೆ ಎಡಕ್ಕೆ ಬಂತು. ಆಮೇಲೆ ಎಲ್ಲಿಯೂ ನಿಲ್ಲಲಿಲ್ಲ. ಬಿತ್ತನೆ, ಎಡೆ ಹೊಡೆಯುವುದು, ಹಕ್ಕಿ ಕಾಯುವುದು, ರಾಶಿ, ಕೊನೆಗೆ ರೊಟ್ಟಿಯತನಕ ಅವರು ಜೋಳವನ್ನು ತಂದು ಮುಟ್ಟಿಸಿದರು. ಹುಡುಗಿಯರು ಪ್ರಶ್ನೆಗಳಿಗೆ ಉತ್ತರಿಸಲು ನಾ ಮುಂದು ತಾ ಮುಂದು ಎಂದರು. ಯಾವ ಮಾತನ್ನೂ ಮಾಸ್ತರರು ಅರ್ಧಕ್ಕೆ ಬಿಡಲಿಲ್ಲ.

"ಪಾಸ್," ಎಂದರು ಸಾಹೇಬರು. "ಯಾರ ಹತ್ತಿರ ಕಲಿತಿರಿ ಇಷ್ಟು ಚಲೋ?"

ಮಾಸ್ತರರು ಮೊದಲ ಸಾಲಿನ ಕಡೆ ಕೈ ಮಾಡಿದರು.

"ಇವರ ಹತ್ರ ರಿ. ನಮ್ಮ ಮನಿಯವರು."

ಪಡಸಾಲೆಯಿಂದ ಶಿವರಾಜಪ್ಪನವರು ಎದ್ದು ಬಂದರು. ಪ್ರೊಫೆಸರಗಿರಿ ಹೋದದ್ದಕ್ಕಿಂತ ದೊಡ್ಡ ಪೆಟ್ಟು ಅವರಿಗೆ ಬೇರೆ ಬಿದ್ದಿತ್ತು.

"ಅನುಸೂಯಾ, ಕಟ್ಟಿಕೊಂಡ ಗಂಡಗ ಅಣ್ಣಾ ಅಂದೆಲ್ಲವ್ವಾ?"

ಮರಿಯಮಬೀ ಬಿದ್ದ ಪರ್ದಾವನ್ನು ಮಡಚುತ್ತ ಹೇಳಿದರು.

"ಪರ್ದಾದಾಗ ಆಡಿದ ಮಾತ ಪರ್ದಾದಾಗೇ ಉಳೀತದ, ಸೇಠಜಿ. ಪರ್ದಾ ಬಿತ್ತು, ಮಾತೂ ಹೋಯ್ತು. ನಾ ಇಷ್ಟ ವರ್ಷ ಕಾಯ್ದೀನಿ, ನನಗ ಗೊತ್ತದ."

ಅಷ್ಟು ವರ್ಷ ಬಾಗಿಲು ಕಾಯ್ದವರ ತೀರ್ಪಿಗೆ ಎದುರಾಡುವವರು ಯಾರು? ಇನ್ನು ಉಳಿದದ್ದು ಶಾಲು. ಮಲ್ಲಿಕಾರ್ಜುನಪ್ಪನವರು ಅದನ್ನು ಭಾಲ್ಕಿಗೆ ಮರಳಿ ಒಯ್ಯಲು ತಯಾರಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಸಾಹೇಬರು, ಈ ಕಾಲೇಜಿಗೆ ಸೇರಿ ಪಾಸಾದ ಮೊಟ್ಟಮೊದಲ ಗಂಡಸು ಇವರೇ ಎಂದುಬಿಟ್ಟರು. ಮೊಟ್ಟಮೊದಲ ಎಂಬ ಮಾತು ಕಿವಿಗೆ ಬಿದ್ದದ್ದೇ ಶಿವರಾಜಪ್ಪನವರ ಬೆನ್ನು ನೆಟ್ಟಗಾಯಿತು.

"ಮೊಟ್ಟಮೊದಲ ಅಂತ. ಕೇಳಿದ್ರಿಲ್ಲೋ," ಎಂದು ತಾವೇ ಶಾಲು ಕಸಿದುಕೊಂಡು ಅರ್ಧ ಅಳಿಯನಿಗೆ, ಅರ್ಧ ಮಗಳಿಗೆ ಹೊದಿಸಿದರು. ಮಲ್ಲಿಕಾರ್ಜುನಪ್ಪನವರು, ಬೋರ್ಡಿಗೆ ಇನ್ನು ಪರವಾನಗಿ ಬೇಕಾಗಲಿಕ್ಕಿಲ್ಲವಲ್ಲ ಎಂದು ವಿಚಾರಿಸಿದರು. ಸಾಹೇಬರು ಹೊರಡುವ ಮುಂಚೆ ಎಲಿಜಬೆತಬಾಯಿಯವರನ್ನು ಬದಿಗೆ ಕರೆದು, ಬರುವ ತಿಂಗಳು ತಮಗೂ ಕನ್ನಡ ಪರೀಕ್ಷೆ ಇದೆ, ಆ ಕುರ್ಚಿ ಖಾಲಿ ಇದೆಯೇ ಎಂದು ಮೆಲ್ಲಗೆ ಕೇಳಿದರು.

ಮಾವನವರನ್ನು ಬಸ್ಸು ಹತ್ತಿಸಿ ಗಂಡಹೆಂಡಿರು ಮನೆಯ ಕಡೆ ನಡೆದರು. ಮಾಸ್ತರರಿಗೆ ತಲೆಯ ಮೇಲಿನ ದೊಡ್ಡ ಗಂಟು ಇಳಿಸಿದಂತೆ ಹಗುರಾಗಿತ್ತು. ನೌಕರಿ ಉಳಿದಿತ್ತು, ಇನ್ನು ಮೂಗು ಹಿಡಿದು ಮಾತಾಡಬೇಕಾಗಿರಲಿಲ್ಲ. ಆದರೂ ಒಂದು ಮಾತು ಕೊರೆಯುತ್ತಿತ್ತು.

"ನಾನೇ ಅಂತ ನಿನಗ ಯಾವಾಗ ತಿಳೀತು?"

"ಮೊದಲನೇ ದಿನಾನೇ ರಿ. ಪರ್ದಾ ಗೇಣುದ್ದ ಮ್ಯಾಲಿತ್ತು. ದನಿ ಬದಲ ಮಾಡೀರಿ, ಚಪ್ಪಲಿ ಬದಲ ಮಾಡಿರ್ಲಿಲ್ಲ. ಅದರ ಉಂಗುಟ ಹಚ್ಚಿಸಿಕೊಂಡ ಬಂದಾಕಿ ನಾನೇ ಅಲ್ಲೇನು?"

ಮಾಸ್ತರರು ನಡುಬೀದಿಯಲ್ಲಿ ನಿಂತುಬಿಟ್ಟರು.

"ಗೊತ್ತಿದ್ದೂ ಅಣ್ಣಾ ಅಂದಿ?"

"ಗಂಡಗ ಬೈಲಾಕ ಬರ್ತದೇನ್ರಿ? ಅಣ್ಣಗಾದ್ರ ಬೈಬಹುದು. ಬೈಲಿಲ್ಲಂದ್ರ ನೀವ ಪಾಸಾಗ್ತಿದ್ದಿಲ್ಲ."

ಮಾಸ್ತರರಿಗೆ ಅದರಲ್ಲಿ ತಪ್ಪು ಹುಡುಕಲು ಆಗಲಿಲ್ಲ.

"ಹಂಗಾದ್ರ ಇನ್ನ ಮ್ಯಾಲ ಬೈಯಂಗಿಲ್ಲಲ್ಲ? ಅಣ್ಣ ಅಂತೂ ಹೋದ."

"ಅಣ್ಣ ಹೋದ್ರ ಏನಾಯ್ತ್ರಿ, ಬೈಯೋದು ರೂಢಿ ಆಗ್ಯಾದ," ಎಂದು ಅನುಸೂಯಾಬಾಯಿ ಬುತ್ತಿಯ ಗಂಟನ್ನು ಗಂಡನ ಕೈಗೆ ಕೊಟ್ಟು ಮುಂದೆ ನಡೆದರು. ಮಾಸ್ತರರು ಗಂಟು ಹಿಡಿದುಕೊಂಡು ಹಿಂದೆ ಹೋದರು.